‘ಫಾರೇ’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷಿನ ‘ಫಾರೇ’ ಎಂಬ ಶಬ್ದವನ್ನು ಕನ್ನಡಿಸುವವರು ಬಹುಮಟ್ಟಿಗೆ ‘ದಾಳಿ’ ಎಂದು ಬರೆದು ಮುಂದೆ ಸಾಗುವರು. ‘ರೇಡ್’ ಎಂಬುದಕ್ಕೂ ಅದೇ ‘ದಾಳಿ’. ಇವೆರಡನ್ನೂ ಏಕಾರ್ಥವೆಂದೆಣಿಸುವುದು ಯುಕ್ತವಲ್ಲ. ‘ರೇಡ್’ ಎಂಬುದು ಸ್ಕಾಟ್ಲೆಂಡಿನ ನುಡಿಯಲ್ಲಿ ಉಳಿದುಬಂದ ರೂಪ. ದಾರಿಯೆಂಬರ್ಥದ ‘ರೋಡ್’ ಅದರ ಒಡಹುಟ್ಟು. ಅಲ್ಲಿ ಮುಖ್ಯವಾದುದು ಸವಾರನ ವೇಗ. ‘ಫಾರೇ’ಯಾದರೋ ಹಳೆಯ ಫ್ರೆಂಚಿನಲ್ಲಿ ಹುಲ್ಲುಮೇವನ್ನು ಹೇಳುವ ಶಬ್ದದಿಂದ ಹುಟ್ಟಿದುದು, ‘ಫಾಡರ್’, ‘ಫುಡ್’ ಇವು ಅದರ ದಾಯಾದಿಗಳು. ಇಲ್ಲಿ ಮುಖ್ಯವಾದುದು ಹಸಿವು. ಇನ್ನು ‘ಲೂಟ್’ ಎಂಬುದಂತೂ ಆಂಗ್ಲರು ಹಿಂದಿಯಿಂದಲೇ ಕೊಂಡೊಯ್ದ ಮಾತು.

ಈ ಭೇದವು ಕೇವಲ ನಿಘಂಟಿನದಲ್ಲವೆಂಬುದಕ್ಕೆ ಶಿವನಸಮುದ್ರವೇ ಸಾಕ್ಷಿ. 1791ರಲ್ಲಿ ಕಾರ್ನ್‌ವಾಲೀಸನು ಕಾನಕಾನಹಳ್ಳಿಯ ಮಾರ್ಗವಾಗಿ ಶ್ರೀರಂಗಪಟ್ಟಣದ ಮೇಲೆ ಬಂದಾಗ, ಟಿಪ್ಪು ಸುಲ್ತಾನನು ಆ ಸೀಮೆಯನ್ನೆಲ್ಲ ಬರಿದುಮಾಡಿಸಿ, ಜನರನ್ನೂ ದನಕರುಗಳನ್ನೂ ಕಾವೇರಿಯ ಎರಡು ಕವಲುಗಳ ನಡುವಣ ಈ ದ್ವೀಪಕ್ಕೆ ಅಟ್ಟಿಸಿದನು. ಮೇವು ಹುಡುಕಹೊರಟವರಿಗೆ ದೊರೆತುದು ಬರಿಯ ನೆಲ. ಮೇ 15ರಂದು ಅರಕೆರೆಯ ಬಳಿ ಯುದ್ಧವನ್ನು ಗೆದ್ದರೂ, ಎತ್ತುಗಳು ಸತ್ತು, ಅನ್ನ ಸಾಲದೆ, ಮುತ್ತಿಗೆಯ ತೋಪುಗಳನ್ನು ತಾನೇ ಒಡೆದುಹಾಕಿ ಕಾರ್ನ್‌ವಾಲೀಸನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಸೈನ್ಯವನ್ನು ಸೋಲಿಸಿದುದು ಹುಲ್ಲಿನ ಅಭಾವ. ಇದನ್ನು ‘ದಾಳಿ ವಿಫಲವಾಯಿತು’ ಎಂದು ಬರೆದರೆ ಕಾರಣವೇ ಕಾಣೆಯಾಗುವುದು.

ಆದರೂ ‘ಫಾರೇ’ ಎಂಬುದು ಮೇವನ್ನರಸಿ ಬಂದವನ ಮಾತೇ ಹೊರತು ಮೇವನ್ನು ಕಳೆದುಕೊಂಡವನದಲ್ಲ. ಹಗೆಯು ಬರುವ ಮೊದಲೇ ತನ್ನ ದೊರೆಯ ಅಪ್ಪಣೆಯಿಂದ ಮನೆಮಾರು ಬಿಟ್ಟು ದ್ವೀಪವನ್ನು ಸೇರಿದ ಒಕ್ಕಲಿಗನ ಅವಸ್ಥೆ ಆ ಶಬ್ದದೊಳಗೆ ಅಡಗದು. ಕನ್ನಡದ ‘ತುರುಗೋಳ್’ ಈ ವಿಷಯದಲ್ಲಿ ಹಿರಿದು. ಅದರ ಅಕ್ಷರಾರ್ಥ ದನಗಳನ್ನು ಹಿಡಿದೊಯ್ಯುವುದೆಂದೇ ಆದರೂ, ನಾಡಿನ ವೀರಗಲ್ಲುಗಳಲ್ಲಿ ಕೀರ್ತಿ ಸಂದಿರುವುದು ತುರುಗಳನ್ನು ಮರಳಿಸಲು ಕಾದಿ ಮಡಿದವನಿಗೆ. ಕಳೆದುಕೊಂಡವರ ಪಕ್ಷವು ಆ ಮಾತಿಗೆ ಅಂಟಿಕೊಂಡಿದೆ.

ಇಂದಿನ ಇಂಗ್ಲಿಷಿನಲ್ಲಿ ವ್ಯಾಪಾರಕ್ಕೋ ರಾಜಕೀಯಕ್ಕೋ ಮೊದಲ ಬಾರಿ ಇಳಿಯುವುದನ್ನೂ ‘ಫಾರೇ’ ಎನ್ನುವರು. ಅಲ್ಲಿ ‘ಕೈಹಾಕಿದನು’ ಎಂದರೆ ಸಾಕು, ‘ದಾಳಿ’ ಹಾಸ್ಯಾಸ್ಪದ. ಚರಿತ್ರೆಯ ಬರಹದಲ್ಲಾದರೋ ‘ಮೇವುಧಾನ್ಯಗಳ ಸೂರೆ’ ಎಂದು ಬಿಡಿಸಿ ಬರೆಯುವುದು ಲೇಸು. ಎರಡು ಪದ ಹೆಚ್ಚಾದರೂ ಚಿಂತೆಯಿಲ್ಲ. ಸೂರೆಯಾದುದು ಏನೆಂಬುದು ಓದುವವನಿಗೆ ತಿಳಿಯುವುದು.