ರಕ್ಷಣೆಯೂ ಜೀರ್ಣೋದ್ಧಾರವೂ

ಹಳೆಯ ಕಟ್ಟಡಗಳ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯೊಳಗೆ ಎರಡು ಮಾತುಗಳು ಬಳಕೆಯಲ್ಲಿರುವುವು. ಒಂದು ಸರಕಾರದ ಮಾತು, ‘ರಕ್ಷಣೆ’. ಇನ್ನೊಂದು ಊರವರ ಮಾತು, ‘ಜೀರ್ಣೋದ್ಧಾರ’. ಮೊದಲನೆಯದು ಇಲಾಖೆಯ ಫಲಕದ ಮೇಲೆ ಬರೆದಿರುತ್ತದೆ. ಎರಡನೆಯದು ದೇಣಿಗೆಯ ರಸೀದಿಯ ಮೇಲೆ ಅಚ್ಚಾಗಿರುತ್ತದೆ. ಎರಡೂ ಒಳ್ಳೆಯ ಮಾತುಗಳೇ. ಆದರೆ ಒಳ್ಳೆಯ ಮಾತಿನ ಮರೆಯಲ್ಲಿ ನಡೆಯುವ ಕೆಲಸವೆಲ್ಲವೂ ಒಳ್ಳೆಯದೇ ಎಂದು ಹೇಳಲಾಗದು. ಆದುದರಿಂದ ಈ ಎರಡರ ಗುಣದೋಷಗಳನ್ನೂ ಪಕ್ಷಪಾತವಿಲ್ಲದೆ ತೂಗಿ ನೋಡುವುದು ಉಚಿತವಾಗಿದೆ.

ಮೊದಲು ರಕ್ಷಣೆಯ ಮಾತು. ಲಾರ್ಡ್ ಕರ್ಜನ್ನನ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯು ಹುಟ್ಟಿತು. ಆಗ ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಹೊಸ ಕಾಯಿದೆಯೂ, 1961ರಲ್ಲಿ ರಾಜ್ಯದ ಕಾಯಿದೆಯೂ ಬಂದುವು. ಬನವಾಸಿಯ ಮಧುಕೇಶ್ವರ ದೇವಾಲಯ, ಭಟ್ಕಳದ ಕೇತಪೈ ನಾರಾಯಣ ದೇವಾಲಯ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಮಿರ್ಜಾನದ ಕೋಟೆ ಇವೇ ಮೊದಲಾದುವು ಕೇಂದ್ರದ ರಕ್ಷಣೆಗೆ ಒಳಪಟ್ಟಿರುವುವು. ಇದರಿಂದ ಉಪಕಾರವಾಗಿಲ್ಲವೆಂದರೆ ಅಪಚಾರವಾದೀತು. ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಸೇರಿಹೋದ ಮಿರ್ಜಾನದ ಚಿರೆಕಲ್ಲಿನ ಕೋಟೆಯಲ್ಲಿ ಇಂದು ಕಂದಕವನ್ನೂ ಬಾವಿಗಳನ್ನೂ ಬುರುಜುಗಳನ್ನೂ ಮಕ್ಕಳು ಕಣ್ಣಾರೆ ನೋಡಬಲ್ಲರು. ಅತ್ತ ಕಾರವಾರದ ಬಳಿ ಕಾಳಿ ನದಿಯ ಮುಖದಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವನ್ನು ನೋಡಿರಿ. ಅಲ್ಲಿ ಹೆದ್ದಾರಿಯು ಕೋಟೆಯ ಗುಡ್ಡವನ್ನೇ ಸೀಳಿಕೊಂಡು ಹೋಗಿದೆ.

ಆದರೆ ಸರಕಾರದ ಪಟ್ಟಿಯು ಎಷ್ಟನ್ನು ಹೊತ್ತೀತು? ರಾಮನಗುಳಿಯಿಂದ ಅಂಕೋಲೆಯ ಕಡೆಗೆ ಗಂಗಾವಳಿಯ ಗುಂಟ ಇಳಿದು ಹೋಗುವವನಿಗೆ ಹಂಚಿನ ಮಾಡಿನ ಗುಡಿಗಳು, ಮರದಡಿಯ ನಾಗನ ಕಲ್ಲುಗಳು, ಗದ್ದೆಯ ಬದುವಿನ ಹಳೆಯ ಕಲ್ಲುಗಳು ಕಾಣುತ್ತಿರುತ್ತವೆ. ಇಂತಹವಕ್ಕೆಲ್ಲ ಕಾಯಿದೆಯ ಕಾವಲು ದೊರೆಯುವಂತಿಲ್ಲ. ಇವುಗಳ ಆಯುಷ್ಯವು ಊರವರ ಕೈಯಲ್ಲಿಯೇ ಇದೆ. ಇಲ್ಲಿಯೇ ಎರಡನೆಯ ಮಾತು, ಜೀರ್ಣೋದ್ಧಾರವು, ಮುಂದೆ ಬರುತ್ತದೆ.

ಈಗ ನಡೆಯುವ ಜೀರ್ಣೋದ್ಧಾರದ ಕ್ರಮವು ವಾಚಕರಿಗೆ ತಿಳಿಯದುದಲ್ಲ. ಸಭೆ ಸೇರುವುದು, ದೇಣಿಗೆ ಕೂಡುವುದು. ಬಳಿಕ ಒಂದು ದಿನ ಚಿರೆಕಲ್ಲಿನ ಗೋಡೆಯೂ ಮರದ ಕಂಬಗಳೂ ಪಕಾಸುಗಳೂ ನೆಲಕ್ಕುರುಳುವುವು. ಆ ಜಾಗದಲ್ಲಿ ಕಾಂಕ್ರೀಟಿನ ಚಪ್ಪರವೂ ನುಣುಪಾದ ಟೈಲ್ಸಿನ ನೆಲವೂ ಏಳುವುವು. ಹಳೆಯ ಕೆತ್ತನೆಯ ಕಂಬವು ಯಾರ ಮನೆಯ ಕಟ್ಟಿಗೆಯಾಯಿತೋ ಕೇಳುವವರಿಲ್ಲ. ಅಕ್ಷರವಿದ್ದ ಕಲ್ಲು ಮೆಟ್ಟಿಲಾಗುತ್ತದೆ. ದಾನಿಗಳ ಹೆಸರಿನ ಹೊಸ ಕಲ್ಲು ಮಾತ್ರ ಬಾಗಿಲಲ್ಲಿ ಹೊಳೆಯುತ್ತದೆ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಶಾಸ್ತ್ರವೇ ಹೀಗೆ ವಿಧಿಸಿದೆಯೆಂದು ಕೆಲವರು ವಾದಿಸುವರು. ಶಬ್ದವನ್ನೇ ವಿಚಾರಿಸೋಣ. ಉದ್ಧಾರವೆಂದರೆ ಮೇಲಕ್ಕೆತ್ತುವುದು. ಬಾವಿಗೆ ಬಿದ್ದವನನ್ನು ಮೇಲಕ್ಕೆತ್ತಿದರೆ ಅದು ಉದ್ಧಾರ. ಅವನನ್ನು ಅಲ್ಲಿಯೇ ಬಿಟ್ಟು ಇನ್ನೊಬ್ಬನನ್ನು ದಡದಲ್ಲಿ ನಿಲ್ಲಿಸಿ ಅದೇ ಹೆಸರಿನಿಂದ ಕರೆದರೆ ಉದ್ಧಾರವೆನಿಸದು. ವಾಸ್ತುಗ್ರಂಥವಾದ ಮಯಮತದಲ್ಲಿ ಜೀರ್ಣವಾದುದನ್ನು ಸರಿಪಡಿಸುವ ಪ್ರಕರಣಕ್ಕೆ ‘ಅನುಕರ್ಮ’ವೆಂದು ಹೆಸರು. ಮೊದಲಿದ್ದುದನ್ನು ಅನುಸರಿಸಿ ನಡೆಯುವ ಕರ್ಮವೆಂದೇ ಆ ಶಬ್ದವು ಸೂಚಿಸುತ್ತದೆ. ಮೊದಲಿದ್ದುದರ ಗುರುತನ್ನೇ ಅಳಿಸಿದ ಮೇಲೆ ಅನುಸರಿಸುವುದು ಯಾವುದನ್ನು?

ಗ್ರಂಥಸಂಪಾದನೆಯ ಕ್ರಮವನ್ನು ಬಲ್ಲವರಿಗೆ ಈ ವಿಷಯವು ಬೇಗ ಮನವರಿಕೆಯಾದೀತು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದವರು 1919ರಲ್ಲಿ ತೊಡಗಿ 1966ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯಲ್ಲಿ, ಮೂಲಕ್ಕೆ ಸೇರದೆಂದು ತೋರಿದ ಶ್ಲೋಕಗಳನ್ನೂ ಸುಟ್ಟುಹಾಕಲಿಲ್ಲ. ಅಡಿಯಲ್ಲಿಯೋ ಅನುಬಂಧದಲ್ಲಿಯೋ ಉಳಿಸಿಕೊಟ್ಟರು. ಮುಂದಿನವನು ಬೇರೆ ನಿರ್ಣಯಕ್ಕೆ ಬರಬಹುದೆಂಬ ವಿನಯವು ಅದರಲ್ಲಿದೆ. ತಾಳೆಯೋಲೆಯ ಒಂದೇ ಪ್ರತಿ ಉಳಿದಿರುವಾಗ ಅದನ್ನು ಒಲೆಗೆ ಹಾಕಿ, ನೆನಪಿನಿಂದ ಹೊಸತೊಂದನ್ನು ಬರೆದವನನ್ನು ಪಂಡಿತನೆಂದು ಯಾರೂ ಮನ್ನಿಸರು. ಗುಡಿಯೂ ಒಂದೇ ಪ್ರತಿಯ ಗ್ರಂಥವೇ ಸರಿ.

ಹಾಗಾದರೆ ಹಳೆಯ ಕಟ್ಟಡಕ್ಕೆ ಏನನ್ನೂ ಸೇರಿಸಕೂಡದೆ? ಹಾಗಲ್ಲ. ಬನವಾಸಿಯೇ ಇದಕ್ಕೆ ಉತ್ತರ. ಮಧುಕೇಶ್ವರನ ಗರ್ಭಗೃಹವು ಕದಂಬರದೆನ್ನುವರು. ಮುಂದಿನ ಮಂಟಪಗಳು ಅನಂತರದ ರಾಜವಂಶಗಳವು. ಕುಸುರಿ ಕೆಲಸದ ಕಲ್ಲಿನ ಮಂಚವು ಸೋದೆಯ ಅರಸರ ಕಾಣಿಕೆ. ಬಂದವರೆಲ್ಲರೂ ಸೇರಿಸಿದರು, ಆದರೆ ಹಿಂದಿನವರದನ್ನು ಒರಸಿಹಾಕಿ ಸೇರಿಸಲಿಲ್ಲ. ಆದುದರಿಂದಲೇ ಆ ದೇವಾಲಯದಲ್ಲಿ ಒಂದು ಸಾವಿರ ವರ್ಷಗಳ ಶಿಲ್ಪಚರಿತ್ರೆಯನ್ನು ಓದಬಹುದಾಗಿದೆ. ಸೇರಿಸುವುದು ಬೇರೆ, ಅಳಿಸುವುದು ಬೇರೆ. ನಮ್ಮ ಪೂರ್ವಿಕರಿಗೆ ಈ ಭೇದವು ತಿಳಿದಿದ್ದಿತು.

ಅದೇ ಪ್ರಾಕಾರದಲ್ಲಿರುವ ನಾಗಶಿಲೆಯ ಮೇಲೆ ಕ್ರಿಸ್ತಶಕದ ಆರಂಭದ ಶತಮಾನಗಳ ಪ್ರಾಕೃತ ಲೇಖವಿದೆ. ರಾಜಪುತ್ರಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದ ಸಂಗತಿಯು ಅದರಲ್ಲಿದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಅವನ ಆಚಾರ್ಯನ ಹೆಸರೂ ಅದರಲ್ಲಿ ಉಳಿದಿವೆ. ಗುರುಶಿಷ್ಯರಿಬ್ಬರ ಹೆಸರನ್ನು ಇಷ್ಟು ಕಾಲ ಹೊತ್ತುಕೊಂಡು ಬಂದ ಶಿಲೆಯಿದು. ಸವೆದ ಹಳೆಯ ನಾಗನ ಕಲ್ಲನ್ನು ನೀರಿಗೆ ಬಿಟ್ಟು ಹೊಸತನ್ನು ಪ್ರತಿಷ್ಠಿಸುವ ರೂಢಿಯು ನಮ್ಮಲ್ಲಿದೆ. ಬನವಾಸಿಯವರು ಎಂದಾದರೊಮ್ಮೆ ಈ ರೂಢಿಯನ್ನು ಆ ಕಲ್ಲಿಗೂ ಅನ್ವಯಿಸಿದ್ದರೆ, ನಟಕನೆಂಬವನು ಹುಟ್ಟಿಯೇ ಇರಲಿಲ್ಲವೆಂಬಂತೆ ಆಗುತ್ತಿತ್ತು.

ಇನ್ನು ನಮ್ಮ ಕರಾವಳಿಯ ಕಟ್ಟಡಗಳಿಗೆ ಒಂದು ವಿಶೇಷ ವ್ಯಾಕರಣವಿದೆ. ಭಟ್ಕಳದ ದೇವಾಲಯಗಳಲ್ಲಿ ಇಳಿಜಾರಾದ ಮಾಡನ್ನೂ ಕಲ್ಲಿನಿಂದಲೇ ಮಾಡಿದ್ದಾರೆ. ಹಲಗೆಯಂತೆ ಸೀಳಿದ ಚಪ್ಪಡಿಗಳನ್ನು ಓರೆಯಾಗಿ ಹೊದಿಸಿದ್ದಾರೆ. ಮರದ ಕೆಲಸವನ್ನು ಕಲ್ಲು ಅನುಕರಿಸಿರುವುದು ಅಲ್ಲಿ ಸ್ಪಷ್ಟವಾಗಿದೆ. ದಕ್ಷಿಣಕ್ಕೆ ಮೂಡಬಿದಿರೆಯಲ್ಲಿರುವ ಇದೇ ರೀತಿಯ ಮಾಡುಗಳನ್ನು ಫರ್ಗ್ಯುಸನ್ ಮಹಾಶಯನು 1876ರ ತನ್ನ ಗ್ರಂಥದಲ್ಲಿ ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಆತನ ಶ್ರಮವು ಸ್ತುತ್ಯವೇ. ಆದರೆ ಕಾರಣವನ್ನು ಹಿಮಾಲಯದವರೆಗೆ ಹೋಗಿ ಹುಡುಕಬೇಕಾಗಿಲ್ಲ. ವರ್ಷಕ್ಕೆ ನೂರು ಅಂಗುಲಕ್ಕೆ ಕಡಮೆಯಿಲ್ಲದೆ ಮಳೆ ಸುರಿಯುವ ನಾಡಿನಲ್ಲಿ ನೀರನ್ನು ತಡೆಯದೆ ಜಾರಿಸಿಬಿಡುವುದೇ ಜಾಣತನ. ಇಳಿಮಾಡು ಈ ನೆಲದ ಮಳೆಗೆ ನಮ್ಮ ಶಿಲ್ಪಿಗಳು ಕೊಟ್ಟ ಉತ್ತರವಾಗಿದೆ. ಅದನ್ನು ಕೆಡವಿ ಚಪ್ಪಟೆಯಾದ ಕಾಂಕ್ರೀಟನ್ನು ಹಾಕುವವರು ಕೆಲವು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ತಗಡಿನ ಮಾಡನ್ನು ಏರಿಸುವರು. ಬಿಟ್ಟ ವ್ಯಾಕರಣವು ಹೀಗೆ ಕುರೂಪದಲ್ಲಿ ಮರಳಿ ಬರುತ್ತದೆ. ಚಿರೆಕಲ್ಲಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವವು ಹೊರಬರಲಾರದೆ ಕಲ್ಲನ್ನೇ ತಿನ್ನುತ್ತದೆ. ಹಿಂದಿನ ಸುಣ್ಣದ ಗಾರೆಯು ತೇವವನ್ನು ಆರಗೊಡುತ್ತಿತ್ತು.

ಊರಿನ ಮೊಕ್ತೇಸರರ ಪಕ್ಷವನ್ನೂ ಕೇಳದೆ ಬಿಡಬಾರದು. ಗುಡಿ ಸೋರುತ್ತದೆ, ಜಾತ್ರೆಗೆ ಸ್ಥಳ ಸಾಲದು, ಮರಗೆಲಸ ಬಲ್ಲ ಆಚಾರಿಗಳು ಸಿಗುವುದಿಲ್ಲ, ಪರವೂರಿನಲ್ಲಿ ನೆಲೆಸಿದ ದಾನಿಗಳು ಹೊಸತನ್ನು ಬಯಸುತ್ತಾರೆ. ಇವೆಲ್ಲ ಸುಳ್ಳಲ್ಲ. ಇಲಾಖೆಗೆ ತಿಳಿಸಿದರೆ ಕಷ್ಟವೆಂಬ ಭಯವೂ ಇದೆ. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕದ ನೆರೆಯ ಬಡವನು ತನ್ನ ಗೋಡೆಯ ದುರಸ್ತಿಗೂ ಅರ್ಜಿ ಹಿಡಿದು ಅಲೆಯಬೇಕಾದರೆ, ಹಳೆಯ ಕಲ್ಲನ್ನು ಅವನು ಶತ್ರುವೆಂದೇ ಬಗೆದಾನು. ಜನರನ್ನು ದೂರವಿಡುವ ರಕ್ಷಣೆಯು ಅರ್ಧ ರಕ್ಷಣೆ. ಹಳೆಯದನ್ನು ದೂರವಿಡುವ ಜೀರ್ಣೋದ್ಧಾರವು ಅರ್ಧವೂ ಅಲ್ಲ.

ಆದುದರಿಂದ ಊರವರಲ್ಲಿ ನಮ್ಮ ಬಿನ್ನಹವಿಷ್ಟೆ. ಒಂದು ಕಲ್ಲನ್ನು ಕೀಳುವ ಮೊದಲು ಇಡಿಯ ಗುಡಿಯ ಅಳತೆಯನ್ನೂ ನಕ್ಷೆಯನ್ನೂ ಛಾಯಾಚಿತ್ರಗಳನ್ನೂ ತೆಗೆದಿಡಿರಿ. ಅಕ್ಷರವಿರುವ ಕಲ್ಲನ್ನು ಬಲ್ಲವರಿಗೆ ತೋರಿಸದೆ ಕದಲಿಸಬೇಡಿರಿ, ಬಣ್ಣ ಬಳಿಯಬೇಡಿರಿ. ಹತ್ತು ಪಕಾಸುಗಳು ಲಡ್ಡಾಗಿದ್ದರೆ ಹತ್ತನ್ನೇ ಬದಲಿಸಿರಿ. ಜಾತ್ರೆಗೆ ಸ್ಥಳ ಬೇಕಾದರೆ ಹೊಸ ಮಂಟಪವನ್ನು ಗುಡಿಯ ಮಗ್ಗುಲಲ್ಲಿ ಕಟ್ಟಿರಿ. ಬನವಾಸಿಯು ಹಾಕಿಕೊಟ್ಟ ಮೇಲ್ಪಂಕ್ತಿಯೇ ಅದು. ತೆಗೆಯಲೇಬೇಕಾದ ಕಂಬವನ್ನೂ ಶಿಲೆಯನ್ನೂ ಪ್ರಾಕಾರದಲ್ಲಿಯೇ ನೆರಳಿನಲ್ಲಿ ಇರಿಸಿರಿ. ಇದಕ್ಕೆ ಬೇಕಾದುದು ದೊಡ್ಡ ಹಣವಲ್ಲ, ತುಸು ತಾಳ್ಮೆ.

ಗಂಗಾವಳಿಯು 2019ರಲ್ಲಿಯೂ 2021ರಲ್ಲಿಯೂ ಉಕ್ಕಿ ಬಂದು ಏನೇನನ್ನು ಒಯ್ದಿತೆಂಬುದು ಈ ಭಾಗದವರಿಗೆ ನೆನಪಿದೆ. ಹೊಳೆಗೆ ವಿವೇಕವಿಲ್ಲ, ಅದನ್ನು ಬೈದು ಫಲವಿಲ್ಲ. ಆದರೆ ಹೊಳೆ ಬಿಟ್ಟುಹೋದುದನ್ನು ನಾವೇ ಭಕ್ತಿಯ ಹೆಸರಿನಲ್ಲಿ ಕೆಡವಿದರೆ, ಮೊಮ್ಮಕ್ಕಳು ಕೇಳುವ ಪ್ರಶ್ನೆಗೆ ದಾನಿಗಳ ಪಟ್ಟಿಯು ಉತ್ತರವಾಗಲಾರದು.