ವಾಯಿದಾ ವ್ಯಾಪಾರದಲ್ಲಿ ತತ್ಕ್ಷಣದ ಅಪಾಯ ನಿರ್ವಹಣೆ: ಒಂದು ವಿಮರ್ಶೆ

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಂತಹ ಗ್ರಾಮದಲ್ಲಿ ಲಾಭನಷ್ಟದ ಲೆಕ್ಕವು ಹಂಗಾಮಿಗೊಮ್ಮೆ ನಡೆಯತಕ್ಕದ್ದು. ಹೆಸರು, ಉದ್ದು, ಸೋಯಾಗಳು ಮೊದಲು, ತೊಗರಿಯು ಆಮೇಲೆ ರಾಶಿಯಾಗಿ, ಬಸವಕಲ್ಯಾಣದ ಅಥವಾ ಹುಮನಾಬಾದಿನ ಅಡತಿ ಅಂಗಡಿಯಲ್ಲಿ ತೂಕವಾದ ಬಳಿಕವೇ ರೈತನಿಗೆ ತನ್ನ ವರ್ಷದ ಸ್ಥಿತಿಯು ತಿಳಿಯುವುದು. ಇಂದು ಅದೇ ರೈತನ ಮಗನು ಕಾಲೇಜಿನ ಅಂಗಳದಲ್ಲಿ ಕುಳಿತು, ಮೊಬೈಲಿನ ಮೂಲಕ ಮುಂಬಯಿಯ ವಾಯಿದಾ ಪೇಟೆಯಲ್ಲಿ ವ್ಯವಹರಿಸಬಲ್ಲನು; ಅವನ ಲಾಭನಷ್ಟವು ಕಣ್ಣೆದುರಿಗೇ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಆತನಿಗೆ ಹೇಳಲಾಗುವ ಸಮಾಧಾನವು ಒಂದೇ: ಪ್ರತಿಯೊಂದು ವ್ಯವಹಾರದ ಅಪಾಯವನ್ನೂ ಗಣಕಯಂತ್ರವು ಆ ಕ್ಷಣದಲ್ಲಿಯೇ ಅಳೆದು ಹತೋಟಿಯಲ್ಲಿಡುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ಕಾರ್ಯಸಾಧ್ಯವೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ವಾದವನ್ನು ಅದರ ಪ್ರಬಲ ರೂಪದಲ್ಲಿಯೇ ಮುಂದಿಡುವುದು ನ್ಯಾಯ. ವಾಯಿದಾ ಕರಾರಿನಲ್ಲಿ ಕೊಳ್ಳುವವನಾಗಲಿ ಮಾರುವವನಾಗಲಿ ಪೂರ್ಣ ಹಣವನ್ನು ಕೊಡುವುದಿಲ್ಲ. ಮಾರ್ಜಿನ್ ಎಂಬ ಠೇವಣಿಯನ್ನು ಮಾತ್ರ ಇಡುತ್ತಾನೆ. ಕೊಟ್ಟ ಮಾತಿಗೆ ಒಬ್ಬನು ತಪ್ಪಿದರೂ ಇನ್ನೊಬ್ಬನಿಗೆ ಹಣ ಸಲ್ಲಲೆಂದು ತೀರುವಳಿ ನಿಗಮವು ಇಬ್ಬರ ನಡುವೆ ನಿಲ್ಲುತ್ತದೆ. ಬೆಲೆ ಬದಲಾದಂತೆ ಠೇವಣಿಯು ಸಾಲದೆ ಬಂದರೆ, ಅದನ್ನು ಸಂಜೆಯವರೆಗೆ ಕಾಯದೆ ಆಗಲೇ ಗುರುತಿಸಿ, ಹೊಸ ವ್ಯವಹಾರವನ್ನು ತಡೆಯಬೇಕು. ಈ ತತ್ತ್ವವು ನಿರ್ದುಷ್ಟವಾದುದು. 1995ರಲ್ಲಿ ಬೇರಿಂಗ್ಸ್ ಬ್ಯಾಂಕು ಸಿಂಗಪುರದಲ್ಲಿದ್ದ ತನ್ನೊಬ್ಬ ನೌಕರನ ಗುಪ್ತ ಖಾತೆಯಿಂದ ಕುಸಿದುಬಿದ್ದಿತು. ನಷ್ಟವು ತಿಂಗಳುಗಟ್ಟಲೆ ಬೆಳೆದರೂ ಲಂಡನ್ನಿನ ಮೇಲಧಿಕಾರಿಗಳಿಗೆ ಅದು ಕಾಣಲಿಲ್ಲ. ತಡವಾದ ಲೆಕ್ಕವು ಎಷ್ಟು ದುಬಾರಿಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಈ ವಾದವು ಮೂರು ಸಂಗತಿಗಳನ್ನು ಸಿದ್ಧವೆಂದು ಭಾವಿಸಿಕೊಂಡಿದೆ. ಅಳತೆಯು ವ್ಯವಹಾರಕ್ಕಿಂತ ಮುಂದಿರುತ್ತದೆ ಎಂಬುದು ಒಂದು. ಅಪಾಯವು ಕಂಡಾಗ ಅದರಿಂದ ಹೊರಬರಲು ದಾರಿಯಿರುತ್ತದೆ ಎಂಬುದು ಎರಡು. ಅಳೆಯುವ ಸಾಧನವು ಕೈಕೊಡುವುದಿಲ್ಲ ಎಂಬುದು ಮೂರು. ನಮ್ಮ ದೇಶದ ಇತ್ತೀಚಿನ ಅನುಭವವು ಈ ಮೂರನ್ನೂ ಒಂದೊಂದಾಗಿ ಪರೀಕ್ಷೆಗೆ ಒಡ್ಡಿದೆ.

2012ನೆಯ ಅಕ್ಟೋಬರ್ 5ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಒಂದು ದಲ್ಲಾಳಿ ಸಂಸ್ಥೆಯಿಂದ 59 ತಪ್ಪು ಆದೇಶಗಳು ಹೊರಟವು. ಅವುಗಳಿಂದಾದ ವ್ಯವಹಾರದ ಮೌಲ್ಯವು 650 ಕೋಟಿ ರೂಪಾಯಿಗೂ ಮಿಕ್ಕಿತ್ತು. ಸೂಚ್ಯಂಕವು ಶೇಕಡಾ 10ರಷ್ಟು ಇಳಿದರೆ ಪೇಟೆಯು ತಾನಾಗಿ ನಿಲ್ಲಬೇಕೆಂಬ ನಿಯಮವು ಆಗ ಜಾರಿಯಲ್ಲಿತ್ತು. ಪೇಟೆಯೇನೋ ನಿಂತಿತು, ಆದರೆ ಅಷ್ಟರೊಳಗೆ ಸೂಚ್ಯಂಕವು ಸುಮಾರು ಶೇಕಡಾ 15ರಷ್ಟು ಕುಸಿದಿತ್ತು. ಕಾವಲುಗಾರನು ನಿದ್ರಿಸುತ್ತಿರಲಿಲ್ಲ, ಅವನು ಬಾಗಿಲು ಮುಚ್ಚುವುದಕ್ಕೆ ಮೊದಲೇ ಒಳಗಿದ್ದ ಆದೇಶಗಳು ಒಂದಕ್ಕೊಂದು ಹೊಂದಿಕೊಂಡುಬಿಟ್ಟವು. ಅದೇ ವರ್ಷದ ಡಿಸೆಂಬರಿನಲ್ಲಿ ಸೆಬಿಯು, ಒಂದೊಂದು ಆದೇಶದ ಮೌಲ್ಯಕ್ಕೂ 10 ಕೋಟಿ ರೂಪಾಯಿಯ ಮಿತಿಯನ್ನು ಹಾಕಿ, ಪರೀಕ್ಷೆಯನ್ನು ವ್ಯವಹಾರಕ್ಕಿಂತ ಮುಂಚಿನ ಹಂತಕ್ಕೆ ತಂದಿತು. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಪರಿಹಾರವು ಹೆಚ್ಚಿನ ವೇಗದಲ್ಲಿ ದೊರೆಯಲಿಲ್ಲ, ಪರೀಕ್ಷೆಯ ಸ್ಥಾನವನ್ನು ಬದಲಾಯಿಸಿದ್ದರಲ್ಲಿ ದೊರೆಯಿತು.

ಎರಡನೆಯ ಭಾವನೆಯನ್ನು ಪರೀಕ್ಷಿಸಿದುದು 2020ನೆಯ ಏಪ್ರಿಲ್ 20. ಲಾಕ್‌ಡೌನ್ ನಿಮಿತ್ತವಾಗಿ ಮುಂಬಯಿಯ ಎಂ.ಸಿ.ಎಕ್ಸ್. ಸರಕು ವಿನಿಮಯ ಕೇಂದ್ರದ ವ್ಯವಹಾರವು ಸಂಜೆ 5 ಗಂಟೆಗೇ ಮುಗಿಯುತ್ತಿತ್ತು. ಏಪ್ರಿಲ್ ತಿಂಗಳ ಕಚ್ಚಾತೈಲದ ಕರಾರು ಅಂದು ಬ್ಯಾರೆಲ್ಲಿಗೆ 965 ರೂಪಾಯಿಯಲ್ಲಿ ನಿಂತಿತು. ಆದರೆ ಆ ಕರಾರಿನ ತೀರುವಳಿ ಬೆಲೆಯು ನ್ಯೂಯಾರ್ಕಿನ ಬೆಲೆಯನ್ನು ಅನುಸರಿಸತಕ್ಕದ್ದು. ಅಲ್ಲಿಯ ಬೆಲೆ ಗೊತ್ತಾಗುವ ವೇಳೆಗೆ ನಮ್ಮಲ್ಲಿ ಮಧ್ಯರಾತ್ರಿ. ಆ ರಾತ್ರಿ ನ್ಯೂಯಾರ್ಕಿನ ಬೆಲೆಯು ಸೊನ್ನೆಯನ್ನೂ ದಾಟಿ ಋಣ 37.63 ಡಾಲರಿಗೆ ಇಳಿಯಿತು. ಎಂ.ಸಿ.ಎಕ್ಸ್. ತನ್ನ ತೀರುವಳಿ ಬೆಲೆಯನ್ನು ಋಣ 2,884 ರೂಪಾಯಿಯೆಂದು ನಿಗದಿಪಡಿಸಿತು. ನೂರು ಬ್ಯಾರೆಲ್ಲಿನ ಒಂದು ಕರಾರನ್ನು ಸಂಜೆ 5ರ ಬೆಲೆಗೆ ಕೊಂಡು ಉಳಿಸಿಕೊಂಡಿದ್ದವನಿಗೆ ಬೆಳಗಾಗುವಷ್ಟರಲ್ಲಿ 3,84,900 ರೂಪಾಯಿ ನಷ್ಟವಾಗಿತ್ತು. ಅವನು ಕೊಂಡ ಸರಕಿನ ಮೌಲ್ಯವೇ 96,500 ರೂಪಾಯಿ. ನಷ್ಟವನ್ನು ಕ್ಷಣಕ್ಷಣಕ್ಕೂ ನೋಡಲು ಅವನಿಗೆ ಅಡ್ಡಿಯಿರಲಿಲ್ಲ. ಹೊರಬರುವ ಬಾಗಿಲು ಮಾತ್ರ ಏಳು ಗಂಟೆ ಮೊದಲೇ ಮುಚ್ಚಿತ್ತು. ಕಾಣುವುದೇ ನಿರ್ವಹಣೆಯಲ್ಲ. ದೂರದ ಹೊಲಕ್ಕೆ ಬೆಂಕಿ ಬಿದ್ದುದನ್ನು ಮಾಳಿಗೆಯ ಮೇಲಿಂದ ನೋಡಿದವನು ಬೆಂಕಿಯನ್ನು ಆರಿಸಿದಂತಾಗುವುದಿಲ್ಲ.

ಮೂರನೆಯ ಪ್ರಸಂಗವು 2021ನೆಯ ಫೆಬ್ರವರಿ 24ರದು. ದೂರಸಂಪರ್ಕದ ತಂತಿಗಳಲ್ಲಿ ಉಂಟಾದ ದೋಷದಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ತೀರುವಳಿ ನಿಗಮದ ಅಪಾಯ ನಿರ್ವಹಣಾ ವ್ಯವಸ್ಥೆಯೇ ದೊರೆಯದಂತಾಯಿತು. ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ವ್ಯವಹಾರವನ್ನು ನಿಲ್ಲಿಸಬೇಕಾಯಿತು. ಪುನಃ ಆರಂಭವಾದುದು ಮಧ್ಯಾಹ್ನ 3 ಗಂಟೆ 45 ನಿಮಿಷಕ್ಕೆ. ಅಳತೆಯಿಲ್ಲದೆ ವ್ಯಾಪಾರ ನಡೆಸುವುದಕ್ಕಿಂತ ನಿಲ್ಲಿಸಿದುದು ಸರಿಯೆಂದೇ ನಾವು ಹೇಳುತ್ತೇವೆ. ಆದರೆ ಆ ದಿನ ಪೇಟೆಯು ಮತ್ತೆ ತೆರೆಯುವುದೋ ಇಲ್ಲವೋ ತಿಳಿಯದೆ, ಬೇರೆ ಕೇಂದ್ರದಲ್ಲಿ ಸಿಕ್ಕಿದ ಬೆಲೆಗೆ ಕರಾರು ಮುಗಿಸಿಕೊಂಡವರ ನಷ್ಟವನ್ನು ಯಾವ ಯಂತ್ರವೂ ಮುಂಗಂಡಿರಲಿಲ್ಲ. ಅಪಾಯವನ್ನು ಅಳೆಯುವ ಸಾಧನವೇ ಹೊಸದೊಂದು ಅಪಾಯಕ್ಕೆ ಕಾರಣವಾಗಬಹುದೆಂಬುದು ಇದರಿಂದ ಸ್ಪಷ್ಟ.

ಇವೆಲ್ಲವೂ ಆಯಾ ಕಾಲದ ನ್ಯೂನತೆಗಳು, ಒಂದೊಂದಾಗಿ ತಿದ್ದಲ್ಪಟ್ಟಿವೆ ಎಂದು ಪ್ರತಿಪಕ್ಷದವರು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. 2020ರ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ಬಂದ ನಿಯಮದಂತೆ, ಗ್ರಾಹಕರ ಮಾರ್ಜಿನ್ನನ್ನು ದಿನದ ಕೊನೆಯಲ್ಲಿ ಮಾತ್ರವಲ್ಲದೆ ದಿನದ ಮಧ್ಯದಲ್ಲಿ ಕನಿಷ್ಠ ನಾಲ್ಕು ಬಾರಿ, ಮುಂದಾಗಿ ತಿಳಿಸದ ಸಮಯದಲ್ಲಿ, ತಪಾಸಣೆ ಮಾಡಲಾಗುತ್ತದೆ. ಇದು ಸ್ವಾಗತಾರ್ಹ ಸುಧಾರಣೆ. ಆದರೆ ನಾಲ್ಕು ಬಾರಿ ನೋಡುವುದು ಸತತವಾಗಿ ನೋಡುವುದಲ್ಲವೆಂಬುದನ್ನೂ ಮರೆಯಬಾರದು. ನಿಯಂತ್ರಕರು ಇಲ್ಲಿ ‘ತತ್ಕ್ಷಣ’ ಎಂಬ ಆದರ್ಶವನ್ನು ಬಿಟ್ಟು, ಕಾರ್ಯಸಾಧ್ಯವಾದುದನ್ನು ಆರಿಸಿಕೊಂಡಿದ್ದಾರೆ. ನಮ್ಮ ದೃಷ್ಟಿಯಲ್ಲಿ ಅದು ವಿವೇಕವೇ.

ನಮ್ಮ ಮುಖ್ಯ ಆಕ್ಷೇಪವು ಇದಕ್ಕಿಂತ ಆಳವಾದುದು. ಮೂರು ಭಾವನೆಗಳೂ ಪೂರ್ಣವಾಗಿ ನಿಜವಾದವೆಂದೇ ಇಟ್ಟುಕೊಳ್ಳೋಣ. ಆಗಲೂ ನಿರ್ವಹಿಸಲ್ಪಡುವುದು ಯಾರ ಅಪಾಯ? 2024ರಲ್ಲಿ ಸೆಬಿಯು ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಷೇರು ವಾಯಿದಾ ಮತ್ತು ಆಪ್ಷನ್ ವ್ಯವಹಾರ ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಯನ್ನು ಮೀರಿತು. ಕೊನೆಯ ವರ್ಷದಲ್ಲಿ ವ್ಯವಹರಿಸಿದವರ ಪೈಕಿ ಶೇಕಡಾ 43ರಷ್ಟು ಮಂದಿ ಮೂವತ್ತು ವರ್ಷಕ್ಕಿಂತ ಕಿರಿಯರು. ಶೇಕಡಾ 75ಕ್ಕೂ ಹೆಚ್ಚು ಮಂದಿ ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಿಮೆ ವರಮಾನವನ್ನು ತೋರಿಸಿದವರು. ಈ ಅವಧಿಯಲ್ಲಿ ಪೇಟೆಯ ನಿತ್ಯದ ತೀರುವಳಿಯು ನಡೆದೇ ಇತ್ತು. ಗೆದ್ದವರಿಗೆ ಹಣವು ಸಂದಿತು. ಎಂದರೆ ಯಂತ್ರವು ತನ್ನ ಕೆಲಸವನ್ನು ಮಾಡಿತು. ಅದರ ಕೆಲಸವು ಸೋತವನಿಂದ ಹಣವು ತಪ್ಪದೆ ಬರುವಂತೆ ನೋಡಿಕೊಳ್ಳುವುದೇ ಹೊರತು, ಅವನು ಸೋಲದಂತೆ ನೋಡಿಕೊಳ್ಳುವುದಲ್ಲ. ವ್ಯವಸ್ಥೆಯ ರಕ್ಷಣೆಯನ್ನು ವ್ಯಕ್ತಿಯ ರಕ್ಷಣೆಯೆಂದು ತಿಳಿಯುವುದೇ ಇಲ್ಲಿಯ ಮೂಲ ಭ್ರಾಂತಿ.

ಮೋರಖಂಡಿಯ ರೈತನ ಕಡೆಗೆ ತಿರುಗಿದರೆ ಈ ವೈಷಮ್ಯವು ಇನ್ನೂ ನಿಚ್ಚಳವಾಗುತ್ತದೆ. ವಾಯಿದಾ ವ್ಯಾಪಾರವು ಹುಟ್ಟಿದುದೇ ಬಿತ್ತನೆಗೂ ರಾಶಿಗೂ ನಡುವಿನ ತಿಂಗಳುಗಳ ಬೆಲೆಯ ಅಪಾಯವನ್ನು ಹೊರಲು. ಆದರೆ ತೊಗರಿಯ ವಾಯಿದಾ ವ್ಯಾಪಾರವು 2007ರ ಜನವರಿಯಲ್ಲಿ ನಿಷೇಧಕ್ಕೆ ಒಳಗಾಯಿತು. ಕಡಲೆಯ ಹೊಸ ಕರಾರುಗಳು 2021ರ ಆಗಸ್ಟಿನಲ್ಲಿ, ಸೋಯಾದ್ದು ಅದೇ ವರ್ಷದ ಡಿಸೆಂಬರಿನಲ್ಲಿ ತಡೆಹಿಡಿಯಲ್ಪಟ್ಟವು. ನಿಜವಾದ ಅಪಾಯವನ್ನು ಹೊತ್ತ ತಂದೆಗೆ ಕರಾರು ದೊರೆಯಲಿಲ್ಲ; ಹೊರಬೇಕಾದ ಅಪಾಯವೇ ಇಲ್ಲದ ಮಗನಿಗೆ ಸೂಚ್ಯಂಕದ ಕರಾರು ಬೆರಳ ತುದಿಯಲ್ಲಿಯೇ ದೊರೆಯಿತು. ಸರಕಿನ ಬೆಲೆ ಏರುವುದೆಂಬ ಭಯದಿಂದ ಸರಕಾರವು ಆ ಕ್ರಮಗಳನ್ನು ಕೈಗೊಂಡಿತೆಂಬುದು ನಿಜ. ಬಳಕೆದಾರನ ಹಿತವೂ ಉಪೇಕ್ಷಣೀಯವಲ್ಲ. ಆದರೂ ಕ್ಷಣದ ಅಪಾಯಕ್ಕೆ ಇಷ್ಟು ಯಂತ್ರಸಾಮಗ್ರಿ, ಹಂಗಾಮಿನ ಅಪಾಯಕ್ಕೆ ಬೆಂಬಲ ಬೆಲೆಯೊಂದೇ ಆಸರೆ ಎಂಬ ಸ್ಥಿತಿಯು ಸಮತೋಲವಾದುದೆಂದು ನಾವು ಒಪ್ಪಲಾರೆವು.

ಒಟ್ಟಿನಲ್ಲಿ, ತತ್ಕ್ಷಣದ ಅಪಾಯ ನಿರ್ವಹಣೆಯು ಅಸಾಧ್ಯವೆಂಬುದು ನಮ್ಮ ತೀರ್ಮಾನವಲ್ಲ. ಪರೀಕ್ಷೆಯು ವ್ಯವಹಾರಕ್ಕೆ ಮುಂಚೆ ನಡೆಯುವಲ್ಲಿ, ಹೊರಬರುವ ದಾರಿಯು ಬೆಲೆ ಬದಲಾಗುವಷ್ಟು ಹೊತ್ತೂ ತೆರೆದಿರುವಲ್ಲಿ, ಸಾಧನವು ಕೆಟ್ಟಾಗ ಪೇಟೆಯನ್ನು ನಿಲ್ಲಿಸುವ ಮತ್ತು ಆ ಸಂಗತಿಯನ್ನು ಎಲ್ಲರಿಗೂ ಒಮ್ಮೆಗೇ ತಿಳಿಸುವ ಏರ್ಪಾಡಿರುವಲ್ಲಿ, ಅದು ಸಾಧ್ಯವೂ ಹೌದು, ಅಗತ್ಯವೂ ಹೌದು. ವಾಣಿಜ್ಯಶಾಸ್ತ್ರವನ್ನು ಬೋಧಿಸುವ ನಾವು ಮಾರ್ಜಿನ್ನಿನ ಸೂತ್ರವನ್ನು ಕಲಿಸಿ ಅಷ್ಟಕ್ಕೇ ಸುಮ್ಮನಾಗುವುದು ಸಲ್ಲದು. ಆ ಸೂತ್ರವು ಯಾರ ಹಣವನ್ನು ಕಾಯುತ್ತದೆ ಎಂಬ ಪ್ರಶ್ನೆಯನ್ನೂ ಅದೇ ಪಾಠದಲ್ಲಿ ಎತ್ತಬೇಕು. ಮುಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಯು ತಂದೆಯ ತೊಗರಿಯ ಹಣವನ್ನು ಠೇವಣಿಯಾಗಿ ಇಡುವ ಮೊದಲು ಅವನಿಗೆ ಇದರ ಉತ್ತರವು ತಿಳಿದಿರತಕ್ಕದ್ದು.