ಹರಿಶ್ಚಂದ್ರ ನಾಟಕದಲ್ಲಿ ನಗೆಯ ನೆಲೆ

ಹರಿಶ್ಚಂದ್ರನ ಕಥೆಯಷ್ಟು ಕಣ್ಣೀರು ಹರಿಸಿದ ಕಥೆ ಕನ್ನಡ ರಂಗಭೂಮಿಯಲ್ಲಿ ಮತ್ತೊಂದಿರಲಾರದು. ಆದರೆ ಅದು ಎಬ್ಬಿಸಿರುವ ನಗೆಯೂ ಕಡಿಮೆಯದಲ್ಲ. ಅರಸೀಕೆರೆ ಸೀಮೆಯ ಮಾಲೇಕಲ್ಲು ಬೆಟ್ಟದ ಆಸುಪಾಸಿನಲ್ಲಾಗಲಿ, ಬೇಲೂರು ಹಳೇಬೀಡುಗಳ ಕಡೆಯಲ್ಲಾಗಲಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಊರವರೇ ಬಣ್ಣ ಹಚ್ಚಿಕೊಂಡು ಆಡುವ ಪೌರಾಣಿಕ ನಾಟಕಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ನಕ್ಷತ್ರಿಕನ ಪ್ರವೇಶವಾಯಿತೆಂದರೆ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುತ್ತಾರೆ. ಇದನ್ನು ಕಂಡು ಹುಬ್ಬು ಗಂಟಿಕ್ಕುವ ವಿದ್ಯಾವಂತರಿದ್ದಾರೆ. ಸತ್ಯಕ್ಕಾಗಿ ರಾಜ್ಯ, ಮಡದಿ, ಮಗನನ್ನು ಕಳೆದುಕೊಂಡವನ ಕಥೆಯಲ್ಲಿ ಹಾಸ್ಯಕ್ಕೆ ಎಡೆಯೆಲ್ಲಿ, ಅದು ಪಾಮರರಂಜನೆಗಾಗಿ ಸೇರಿದ ಕಲಬೆರಕೆಯಲ್ಲವೆ, ಎಂಬುದು ಅವರ ಆಕ್ಷೇಪ.

ಆಕ್ಷೇಪದ ಹಿಂದೆ ಗೌರವದ ಭಾವವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಹಾತ್ಮಾ ಗಾಂಧಿಯವರು ಬಾಲ್ಯದಲ್ಲಿ ಒಂದು ನಾಟಕ ಮಂಡಳಿಯವರು ಆಡಿದ ಹರಿಶ್ಚಂದ್ರವನ್ನು ನೋಡಿ, ಅದನ್ನು ಮನಸ್ಸಿನಲ್ಲಿ ಅಸಂಖ್ಯ ಸಲ ಆಡಿಕೊಂಡು ಅತ್ತುದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಂತಹ ಹೃದಯವನ್ನು ರೂಪಿಸಿದ ನಾಟಕದಲ್ಲಿ ವಿಕಟ ಚೇಷ್ಟೆಗಳು ತುಂಬಿಕೊಂಡರೆ ಸಹೃದಯನಿಗೆ ನೋವಾಗುವುದು ಸಹಜವೇ.

ಆದರೆ ನಮ್ಮ ನಾಡಿನಲ್ಲಿ ಈ ಕಥೆ ಬೆಳೆದ ಬಗೆಯನ್ನು ನೋಡಬೇಕು. ಸಂಸ್ಕೃತದಲ್ಲಿ ಕ್ಷೇಮೀಶ್ವರನ 'ಚಂಡಕೌಶಿಕ' ನಾಟಕವಿದೆ. ಅದನ್ನು ಕನ್ನಡಕ್ಕೆ ತಂದವರು ಮೈಸೂರು ಆಸ್ಥಾನದ ಅಭಿನವ ಕಾಳಿದಾಸ ಬಸವಪ್ಪ ಶಾಸ್ತ್ರಿಗಳು (1843–1891). ಆದರೂ ಕನ್ನಡಿಗರ ಮನಸ್ಸಿನಲ್ಲಿ ನೆಲೆಸಿರುವ ಹರಿಶ್ಚಂದ್ರ ರಾಘವಾಂಕನ ಷಟ್ಪದಿಯಲ್ಲಿ ಮೈದಳೆದವನು. ರಾಘವಾಂಕನ ಗುರುವೂ ಸೋದರಮಾವನೂ ಆದ ಹರಿಹರನು ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಕರಣಿಕನಾಗಿದ್ದನೆಂಬುದು ಪ್ರತೀತಿ. ಶಿವಶರಣರನ್ನು ಬಿಟ್ಟು ಅರಸನೊಬ್ಬನನ್ನು ಹಾಡಿದನೆಂದು ಸಿಟ್ಟಿಗೆದ್ದ ಹರಿಹರನು ಶಿಷ್ಯನನ್ನು ಪಾದರಕ್ಷೆಯಿಂದ ಹೊಡೆದನೆಂಬ ಐತಿಹ್ಯವನ್ನು ವಾಚಕರು ಕೇಳಿಯೇ ಇರುತ್ತಾರೆ. ಗಾಂಭೀರ್ಯದ ಪ್ರಶ್ನೆ ಈ ಕಥೆಯನ್ನು ಅಂದಿನಿಂದಲೇ ಬೆನ್ನಟ್ಟಿದೆಯೆನ್ನಬೇಕು!

ಸಾಲದ ಹೊನ್ನನ್ನು ವಸೂಲು ಮಾಡಲು ವಿಶ್ವಾಮಿತ್ರನು ಅಟ್ಟಿದ ಆಳು ನಕ್ಷತ್ರಿಕ. ರಂಗದ ಮೇಲೆ ಅವನು ಕಾಲು ನೋವೆಂದು ಕೂರುತ್ತಾನೆ, ಹಸಿವೆಂದು ಗೋಳಾಡುತ್ತಾನೆ, ಅರಸನ ಬೆನ್ನೇರಲು ಹವಣಿಸುತ್ತಾನೆ, ಅವಧಿಯ ದಿನಗಳನ್ನು ಬೆರಳು ಮಡಿಚಿ ಎಣಿಸುತ್ತಾನೆ. ರೌದ್ರದಿಂದ ಕರುಣವು ಹುಟ್ಟುವುದೆಂದು ಭರತಮುನಿ ಹೇಳಿದ್ದಾನೆ. ಇಲ್ಲಿ ವಿಶ್ವಾಮಿತ್ರನ ರೌದ್ರದಿಂದ ಚಂದ್ರಮತಿಯ ಶೋಕ ಹುಟ್ಟುವುದೇನೋ ದಿಟ. ಆದರೆ ಅದೇ ರೌದ್ರವು ಶಿಷ್ಯನ ಕೈಗೆ ಬಂದು ಚಿಲ್ಲರೆಯಾಗಿ, ಕಿರಿಕಿರಿಯಾಗಿ, ನಗೆಗೀಡಾಗುತ್ತದೆ. ಗುರುವಿನ ಕೋಪವನ್ನು ಹರಿಶ್ಚಂದ್ರನು ಒಮ್ಮೆ ತಲೆಬಾಗಿ ತಾಳಿಕೊಂಡಾನು. ಹೆಜ್ಜೆಹೆಜ್ಜೆಗೂ ಕಾಡುವ ಆಳಿನ ಗೊಣಗಾಟವನ್ನು ತಾಳುವುದು ಬೇರೆಯೇ ಆದ ತಪಸ್ಸು. ವೀರರಾದವರು ದೊಡ್ಡ ಕಷ್ಟಕ್ಕೆ ಎದೆಯೊಡ್ಡುವುದು ಪುರಾಣಗಳಲ್ಲಿ ಹೇರಳವಾಗಿದೆ. ಸಣ್ಣ ಕಾಟಕ್ಕೆ ಸಹನೆಗೆಡದವನು ವಿರಳ.

ನೆರೆದ ಜನ ನಗುವುದೇಕೆ? ಮಳೆಯನ್ನೇ ನಂಬಿ ರಾಗಿ ಬಿತ್ತುವ, ಕೊಬ್ಬರಿಯ ಧಾರಣೆ ಕುಸಿದರೆ ಕಂಗೆಡುವ ಸೀಮೆಯಲ್ಲಿ ನಕ್ಷತ್ರಿಕ ಅಪರಿಚಿತನಲ್ಲ. ಬಾಗಿಲಲ್ಲಿ ಕುಳಿತು ಬಡ್ಡಿ ಕೇಳುವವನನ್ನೂ, ಜಫ್ತಿಗೆ ಬಂದು ತನ್ನ ಭತ್ಯವನ್ನೂ ಕೇಳುವವನನ್ನೂ ಕಂಡವರು ಅವರು. ಬಿಡದೆ ಪೀಡಿಸುವವನಿಗೆ ನಮ್ಮ ಆಡುಮಾತಿನಲ್ಲಿ ನಕ್ಷತ್ರಿಕನೆಂಬ ಹೆಸರೇ ನಿಂತುಬಿಟ್ಟಿದೆ. ಅವರ ನಗೆ ಅರಸನನ್ನು ಹೀಯಾಳಿಸುವ ನಗೆಯಲ್ಲ. ತಮ್ಮ ಸಂಕಟವೇ ಒಬ್ಬ ಚಕ್ರವರ್ತಿಗೂ ಬಂದುದನ್ನು ಕಂಡವರ ನಗೆ. ಅದನ್ನು ಕತ್ತರಿಸಿ ನಾಟಕವನ್ನು ಶುದ್ಧಗೊಳಿಸುವೆವೆನ್ನುವವರು ಹರಿಶ್ಚಂದ್ರನನ್ನು ಜನರಿಂದ ದೂರವಿರುವ ಚಿತ್ರಪಟವನ್ನಾಗಿ ಮಾಡುತ್ತಾರೆ.

ಹಾಗೆಂದು ಎಲ್ಲ ನಗೆಯೂ ಸಲ್ಲುವುದೆಂದಲ್ಲ. ವೀರಬಾಹುವನ್ನು ಕುಡುಕನನ್ನಾಗಿ, ತೊದಲುವ ಒಡ್ಡನನ್ನಾಗಿ ಮಾಡಿ ನಗಿಸುವ ಪದ್ಧತಿ ನನಗೆ ಸರ್ವಥಾ ಒಪ್ಪಿಗೆಯಿಲ್ಲ. ರಾಘವಾಂಕನ ಕಾವ್ಯದಲ್ಲಿ ಅನಾಮಿಕ ಕನ್ಯೆಯರು ಅರಸನ ಕೈಹಿಡಿಯಲು ಬಯಸಿದಾಗ ಅವನು ಕುಲವನ್ನು ಮುಂದೊಡ್ಡಿ ನಿರಾಕರಿಸುತ್ತಾನೆ. ನಮ್ಮ ಹಾಡನ್ನು ಕೇಳಿದ ಕಿವಿಗೆ, ರೂಪವನ್ನು ನೋಡಿದ ಕಣ್ಣಿಗೆ ಇಲ್ಲದ ಮೈಲಿಗೆ ಸ್ಪರ್ಶಕ್ಕೆ ಮಾತ್ರ ಹೇಗೆ ಬಂತೆಂಬ ಅವರ ವಾದಕ್ಕೆ ಅವನಲ್ಲಿ ಸಮರ್ಪಕವಾದ ಉತ್ತರವಿಲ್ಲ. ರಾಜ್ಯವನ್ನಾದರೂ ಬಿಟ್ಟಾನು, ಅವರನ್ನು ವರಿಸಲಾರ. ಅಂಥವನು ಕೊನೆಗೆ ಮಾರಿಕೊಂಡದ್ದು ಯಾರಿಗೆ? ಅನಾಮಿಕನಾದ ವೀರಬಾಹುವಿಗೆ. ಕಲ್ಯಾಣದಲ್ಲಿ ಹರಳಯ್ಯ ಮಧುವಯ್ಯಗಳ ಸಂಬಂಧಕ್ಕಾಗಿ ಶರಣರು ಪ್ರಾಣ ತೆತ್ತ 12ನೆಯ ಶತಮಾನದ ನೆನಪು ಮಾಸುವ ಮುನ್ನವೇ, ಅದೇ ಪರಂಪರೆಯ ಕವಿ ಇದನ್ನು ಬರೆದನೆಂಬುದನ್ನು ಮರೆಯಬಾರದು. ಇಲ್ಲಿರುವ ವಿಡಂಬನೆಯ ಮೊನೆ ಅರಸನ ಕುಲಾಭಿಮಾನದ ಕಡೆಗಿದೆ. ವೀರಬಾಹುವನ್ನು ನಗೆಪಾಟಲು ಮಾಡಿದರೆ ಆ ಮೊನೆ ತಿರುಗಿ ಚುಚ್ಚಬಾರದವನನ್ನು ಚುಚ್ಚುತ್ತದೆ. ಹೊನ್ನನ್ನು ಪೂರ್ತಿ ಎಣಿಸಿ ಕೊಟ್ಟು ಅರಸನ ಮಾತನ್ನು ಉಳಿಸಿದ ಧಣಿ ಅವನು! ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ' (1965) ಚಿತ್ರದಲ್ಲಿ ರಾಜಕುಮಾರ್ ಹರಿಶ್ಚಂದ್ರರಾದರೆ ನಕ್ಷತ್ರಿಕನ ಪಾತ್ರ ನರಸಿಂಹರಾಜು ಅವರದು, ವೀರಬಾಹುವಿನದು ಎಂ.ಪಿ. ಶಂಕರ್ ಅವರದು. ಕುಲದಲ್ಲಿ ಕೀಳೆಂಬುದು ಯಾವುದೆಂದು ಕೇಳುವ ಹಾಡು ಆ ಚಿತ್ರದ್ದೇ. ಅಲ್ಲಿ ಕುಣಿತವಿದೆ, ಗದ್ದಲವಿದೆ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿದೆ.

ಇನ್ನು ಸ್ಮಶಾನದ ದೃಶ್ಯ. ಗಂಭೀರ ನಾಟಕವೆಂದು ವಾದಿಸುವವರೆಲ್ಲ ಬೆರಳು ತೋರುವುದು ಇದರ ಕಡೆಗೇ. ಸತ್ತ ಮಗನನ್ನು ಹೊತ್ತು ಚಂದ್ರಮತಿ ಬರುತ್ತಾಳೆ. ಕಾವಲುಗಾರ ತಡೆದು ಸುಡುಗಾಡಿನ ತೆರೆಯನ್ನು ಕೇಳುತ್ತಾನೆ. ಅವಳಲ್ಲಿ ಕೊಡಲು ಏನೂ ಇಲ್ಲ. ಧಣಿಯ ಅಪ್ಪಣೆಯೆಂದು ಅವನು ಬಿಡಲೊಲ್ಲ. ಈ ಪಟ್ಟನ್ನು ನಾವು ಮೊದಲೇ ಕೇಳಿದ್ದೇವೆ. ಧಣಿಗಾಗಿ ವಸೂಲು ಮಾಡುವ ಆಳು, ತೆರಲಾರದ ಬಡವ, ಬಿಡದ ಒತ್ತಾಯ: ದಾರಿಯುದ್ದಕ್ಕೂ ನಕ್ಷತ್ರಿಕ ನಮ್ಮನ್ನು ನಗಿಸಿದ್ದು ಇದರಿಂದಲೇ ಅಲ್ಲವೆ? ಈಗ ಅದೇ ಮಾತು ಹರಿಶ್ಚಂದ್ರನ ಬಾಯಲ್ಲಿದೆ, ಎದುರಿಗಿರುವವಳು ಅವನ ಮಡದಿ. ಮೊದಲು ನಕ್ಕಿದ್ದ ಸಭೆಗೆ ಈ ಮಾತು ಗುರುತು ಸಿಗುತ್ತದೆ. ಬಯಲಿನಲ್ಲಿ ಸಾವಿರ ಜನ ಕುಳಿತಿದ್ದರೂ ಆ ಕ್ಷಣದಲ್ಲಿ ಸೊಲ್ಲಿರುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರೂ ಕೈ ತೆಗೆದಿರುತ್ತಾರೆ.